ಮನೆ ಮುಟ್ಟುವ ತನಕ ತಂತಿ

ನಾನು ನಿಂತಿದ್ದುದು ಟೇಬಲ್ಲಿನ ಬಲಗಡೆ, ಮಲಗಿದವರ ಮೊಣಕಾಲಿನ ನೇರಕ್ಕೆ. ನನ್ನ ಎಡಕ್ಕೆ, ಅವರ ತೊಡೆಯ ಸಂದಿಗೆ ಹತ್ತಿರವಾಗಿ, ಡಾಕ್ಟರ್ ಮೂರ್ತಿ. ಟೇಬಲ್ಲಿನ ಆಚೆ, ತಲೆಯ ಕಡೆಗೆ, ಸಿಸ್ಟರ್ ಅನ್ನಮ್ಮ. ಕಾಲಿನ ಕಡೆಯ ಗೋಡೆಯಲ್ಲಿ ಒಂದು ದೊಡ್ಡ ಗಾಜು, ಗಾಜಿನ ಆಚೆಯ ಕೋಣೆಯಲ್ಲಿ ಶಾಂತಕ್ಕ. ತೊಂಬತ್ತರ ದಶಕದ ನಡುವಿನ ಒಂದು ಏಪ್ರಿಲ್ ತಿಂಗಳು, ಗುರುವಾರ ಮುಂಜಾನೆ, ಆ ದಿನದ ಎರಡನೆಯ ಕೇಸು. ಊರು ಹೈದರಾಬಾದು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಅದರಿಂದ ಏನೂ ಹೆಚ್ಚಾಗುವುದಿಲ್ಲ.

ಟೇಬಲ್ಲಿನ ಮೇಲೆ ಮಲಗಿದ್ದವರು ಆ ಕೋಣೆಯ ಹಿರಿಯ ಡಾಕ್ಟರು. ಅಂದರೆ ಉಳಿದ ದಿನಗಳಲ್ಲಿ ಮೂರ್ತಿಯವರು ನಿಂತ ಜಾಗದಲ್ಲಿ ತಾವು ನಿಲ್ಲುತ್ತಿದ್ದವರು. ಶಾಂತಕ್ಕ ಅವರ ಹೆಂಡತಿ.

ಆ ಹಿರಿಯ ಡಾಕ್ಟರು, ನಮ್ಮ ಸಾಹೇಬರು, ಹೋದ ಮಳೆಗಾಲದಲ್ಲಿ ತೀರಿಕೊಂಡರು. ವಯಸ್ಸಾಗಿತ್ತು, ನಿದ್ದೆಯಲ್ಲಿ ಹೋದರು. ಮಣ್ಣು ಮಾಡುವ ದಿನ ಹೋದಾಗ ಜನ ಮಾತಾಡುವುದು ಕೇಳಿದೆ. ಆ ಗುರುವಾರ ಸಾಹೇಬರು ಮಲಗಿದಲ್ಲಿಂದಲೇ ಪರದೆ ನೋಡಿ ತಮ್ಮ ಹೃದಯದ ನಾಳದ ಬಲೂನನ್ನು ತಾವೇ ಪಂಪಿನಿಂದ ಉಬ್ಬಿಸಿಕೊಂಡರು ಎಂದು ಒಬ್ಬರು ಹೇಳುತ್ತಿದ್ದರು. ಇನ್ನೊಬ್ಬರು, ಮೂರ್ತಿ ತಪ್ಪು ಮಾಡುವಾಗ ಸಾಹೇಬರು ಗದರಿಸಿ ನಿಲ್ಲಿಸಿದರು ಎಂದರು. ಎರಡೂ ಸುಳ್ಳು. ಪಂಪು ನನ್ನ ಕೈಯಲ್ಲಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಜೇವರ್ಗಿ ಕಡೆಯ ಇಜೇರಿಯವನು. ಆ ಆಸ್ಪತ್ರೆಯಲ್ಲಿ ತಂತ್ರಜ್ಞನಾಗಿದ್ದೆ. ಸಾಹೇಬರು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. "ಇಜೇರಿ, ಪಂಪ ತಗೋ", "ಇಜೇರಿ, ಚಹಾ ಆತೇನು?" ಡಾಕ್ಟರುಗಳನ್ನು ಬಿಟ್ಟು ಉಳಿದವರನ್ನೆಲ್ಲ ಅವರು ಊರಿನಿಂದಲೇ ಕರೆಯುತ್ತಿದ್ದರು. ಮೊದಲ ಭೇಟಿಯಲ್ಲಿ ಹೆಸರಿಗಿಂತ ಮುಂಚೆ ಊರು ಕೇಳುವುದು ನಮ್ಮ ಕಡೆಯ ರೂಢಿ. ಅವರಿಗೆ ಊರು ಸಿಕ್ಕರೆ ಸಾಕಾಗುತ್ತಿತ್ತು, ಮುಂದಿನದು ಕೇಳುತ್ತಿರಲಿಲ್ಲ. ಅನ್ನಮ್ಮ ಕೇರಳದವರು. ಅವರ ಊರಿನ ಹೆಸರು ಸಾಹೇಬರ ಬಾಯಲ್ಲಿ ತಿರುಗದೆ, ಅವರೊಬ್ಬರೇ ಹೆಸರು ಉಳಿಸಿಕೊಂಡಿದ್ದರು.

ಸಾಹೇಬರದು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ. ಅಲ್ಲಿ ಹೊಲ, ಮನೆ. ಆಳಂದದಲ್ಲಿ ತಂದೆಯ ಅಡತಿ ಅಂಗಡಿ, ತೊಗರಿ ಮತ್ತು ಜೋಳದ ವ್ಯಾಪಾರ. ಹುಡುಗನಿದ್ದಾಗ ತಂದೆ ಅವರಿಗೆ ಕಲಿಸಿದ ಒಂದೇ ವಿದ್ಯೆ, ಚೀಲದೊಳಗೆ ಮೊಣಕೈ ತನಕ ಕೈ ಹಾಕಿ ತಳದ ಕಾಳು ತೆಗೆದು ನೋಡುವುದಂತೆ. ಪರದೆಯ ಮೇಲೆ ರಕ್ತನಾಳದ ಚಿತ್ರ ಬಂದಾಗ ಹೊಸ ಡಾಕ್ಟರುಗಳು "ಚೆನ್ನಾಗಿ ತೆರೆದಿದೆ ಸರ್" ಎಂದು ಖುಷಿಪಟ್ಟರೆ ಇವರು ಮುಖ ಎತ್ತದೆ ಹೇಳುತ್ತಿದ್ದರು: "ಮ್ಯಾಲಿನ ಕಾಳು ನೋಡಾಕತ್ತೀರಿ. ಕ್ಯಾಮರಾ ಆ ಕಡಿ ತಿರುವ್ರಿ." ಇನ್ನೊಂದು ಕೋನದಿಂದ ನೋಡಿದಾಗ ಒಮ್ಮೊಮ್ಮೆ ಚಿತ್ರ ಬೇರೆಯೇ ಇರುತ್ತಿತ್ತು. ಒಮ್ಮೊಮ್ಮೆ ಅದೇ ಇರುತ್ತಿತ್ತು.

ಕೆಲಸ ಏನೆಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಕೊಬ್ಬು ಕಟ್ಟಿ ದಾರಿ ಸಣ್ಣದಾಗಿರುತ್ತದೆ. ತೊಡೆಯ ಸಂದಿನಿಂದ ಒಂದು ನಳಿಗೆಯನ್ನು ಹೃದಯದ ತನಕ ಕಳಿಸಬೇಕು. ನಳಿಗೆಯೊಳಗಿಂದ ಕೂದಲಿನಷ್ಟು ಸಣ್ಣ ತಂತಿಯೊಂದನ್ನು ಆ ಇಕ್ಕಟ್ಟು ದಾಟಿಸಬೇಕು. ತಂತಿಯ ಮೇಲೆ ಜಾರಿಸಿಕೊಂಡು ಮಡಿಸಿದ ಬಲೂನನ್ನು ಒಯ್ದು ಇಕ್ಕಟ್ಟಿನಲ್ಲಿ ಇಟ್ಟು ಪಂಪಿನಿಂದ ಉಬ್ಬಿಸಬೇಕು. ದಾರಿ ಅಗಲವಾಗುತ್ತದೆ. ಬಲೂನು ಇಳಿಸಿ ಹೊರಗೆ ತೆಗೆಯಬೇಕು, ಕೊನೆಗೆ ತಂತಿ ತೆಗೆಯಬೇಕು. ರೋಗಿಗೆ ಎಚ್ಚರವಿರುತ್ತದೆ.

ಕೇಳಲು ಇಷ್ಟೇ. ಆದರೆ ಕೊಬ್ಬನ್ನು ಒತ್ತಿದಾಗ ನಾಳದ ಒಳಗೋಡೆ ಸ್ವಲ್ಪವಾದರೂ ಬಿರಿಯುತ್ತದೆ. ಬಿರುಕು ಸಣ್ಣದಿದ್ದರೆ ಮಾಯುತ್ತದೆ. ದೊಡ್ಡದಾದರೆ ಒಳಪದರ ಸೀಳಿ ಬಾಗಿಲ ಪರದೆಯಂತೆ ಅಡ್ಡ ಬೀಳುತ್ತದೆ, ತೆರೆದ ದಾರಿ ಪೂರ್ತಿ ಮುಚ್ಚಿಹೋಗುತ್ತದೆ. ಮುಚ್ಚಿದಾಗ ತಂತಿ ಒಳಗೇ ಇದ್ದರೆ ಅದರ ಮೇಲೆ ಬಲೂನು ಮತ್ತೆ ಒಯ್ದು ಆ ಪದರವನ್ನು ಗೋಡೆಗೆ ಒತ್ತಿ ಹಿಡಿಯಬಹುದು. ತಂತಿ ಹೊರಗೆ ಬಂದಿದ್ದರೆ, ಅದು ಮತ್ತೆ ಆ ದಾರಿ ಹಿಡಿಯುತ್ತದೆಂಬ ಭರವಸೆ ಇಲ್ಲ. ನಾಳದೊಳಗೆ ಜಾಳಿಗೆಯ ಕೊಳವೆ ಇಟ್ಟು ಬರುವ ಪದ್ಧತಿ ಆಗಿನ್ನೂ ನಮ್ಮಲ್ಲಿಗೆ ಬಂದಿರಲಿಲ್ಲ. ಬಲೂನು, ತಂತಿ, ಅವನ್ನು ಹಿಡಿದವರ ಕೈ, ಇಷ್ಟೇ ಇತ್ತು.

ಸಾಹೇಬರ ಕೈ ನಿಧಾನದ್ದು. ನಾಳಕ್ಕೆ ಸರಿಯಾಗುವ ಬಲೂನು ಬಿಟ್ಟು ಅದಕ್ಕಿಂತ ಒಂದು ಅಳತೆ ಸಣ್ಣದು ಕೇಳುತ್ತಿದ್ದರು. ಪಂಪಿನ ತಿರುಪನ್ನು ನಾನು ತಿರುಗಿಸಬೇಕು. ಅವರು ನನ್ನ ಕೈ ನೋಡುತ್ತಿರಲಿಲ್ಲ, ಪರದೆ ನೋಡುತ್ತಲೇ "ಸಾವಕಾಶ, ಇಜೇರಿ" ಎನ್ನುತ್ತಿದ್ದರು. ನಾನು ಸಾವಕಾಶವಾಗಿಯೇ ತಿರುಗಿಸುತ್ತಿರುವಾಗಲೂ ಹಾಗೇ ಅನ್ನುತ್ತಿದ್ದರು. ಒಮ್ಮೆ ನಾನು ತಿರುಗಿಸುವುದನ್ನೇ ನಿಲ್ಲಿಸಿ ನೋಡಿದೆ. "ಸಾವಕಾಶ" ಎಂದರು.

ಮೂರ್ತಿಯವರದು ಚುರುಕು ಕೈ. ಇಬ್ಬರಲ್ಲಿ ಯಾರು ಹೆಚ್ಚು ಎಂದು ಜನ ಕೇಳುತ್ತಾರೆ. ಇಕ್ಕಟ್ಟಾದ ತಿರುವಿನಲ್ಲಿ ತಂತಿ ದಾಟಿಸುವುದರಲ್ಲಿ ಮೂರ್ತಿಯವರಿಗೆ ಸಮನಾದವರನ್ನು ನಾನು ನೋಡಿಲ್ಲ. ಸಾಹೇಬರೇ ಎರಡು ಸಲ ತಂತಿಯನ್ನು ಅವರ ಕೈಗೆ ಕೊಟ್ಟು ಪಕ್ಕಕ್ಕೆ ಸರಿದದ್ದನ್ನು ನಾನು ಕಂಡಿದ್ದೇನೆ. ಆದರೆ ಕೆಲಸವಾದ ಮೇಲೆ ಮೂರ್ತಿಯವರಿಗೆ ನಿಲ್ಲಲು ಆಗುತ್ತಿರಲಿಲ್ಲ. ಸಾಹೇಬರು ಅವರಿಗೆ ಹೇಳುತ್ತಿದ್ದ ಮಾತು ಒಂದೇ. ದಖನಿ ಉರ್ದುವಿನಲ್ಲಿ ಹೇಳುತ್ತಿದ್ದರು, ಆಮೇಲೆ ನನಗಾಗಿ ಕನ್ನಡದಲ್ಲಿ: "ಉಬ್ಬಸೋದು ಪಂಪಿಗೂ ಬರ್ತದ. ಇಳಿಸಿದ ಮ್ಯಾಲೆ ಸುಮ್ನ ನಿಂದರೋದು ನಾವ ಕಲೀಬೇಕು."

ಇದನ್ನು ಅವರೂ ಕಲಿತದ್ದೇ. ಎಲ್ಲಿ ಕಲಿತರೆಂಬುದು ನನಗೆ ಗೊತ್ತು. ಅಲ್ಲಿಯೂ ಪಂಪು ನನ್ನ ಕೈಯಲ್ಲಿತ್ತು.

ಅಫಜಲಪುರ ತಾಲೂಕಿನ ಒಬ್ಬ ಹಿರಿಯರು. ಕಬ್ಬಿನ ಹೊಲ ಇದ್ದವರು, ಊರಿನಲ್ಲಿ ನಾಲ್ಕು ಜನರ ಜಗಳ ಬಿಡಿಸುವವರು. ಟೇಬಲ್ಲಿನ ಮೇಲೂ ತಲೆಯ ರುಮಾಲು ತೆಗೆಯಲು ಒಪ್ಪದ್ದರಿಂದ, ಅನ್ನಮ್ಮ ಅದರ ಮೇಲೆಯೇ ಆಸ್ಪತ್ರೆಯ ಟೋಪಿ ಹಾಕಿದ್ದರು. ಬಲೂನು ಉಬ್ಬಿಸಿದೆವು, ಇಳಿಸಿದೆವು. ಚಿತ್ರ ಚೆನ್ನಾಗಿ ಬಂತು. ಸಾಹೇಬರು ಕೇಳಿದರು:

"ಎದ್ಯಾಗ ನೋವು ಅದೇನ್ರಿ ಗೌಡ್ರ?"

"ಏನಿಲ್ರಿ ಸಾಹೇಬ್ರ. ಆರಾಮ ಇದ್ದೇನ್ರಿ. ನಿಮ್ಮ ಕೆಲಸ ನೀವು ಮಾಡ್ರಿ."

ತಂತಿ ತೆಗೆದರು.

ನಮ್ಮ ಸೀಮೆಯಲ್ಲಿ ಮೊದಲ ಸಲ ಕೇಳಿದಾಗ ಯಾರೂ ಆರಾಮ ಇಲ್ಲ ಎನ್ನುವುದಿಲ್ಲ. ಮನೆಯಲ್ಲಿ ಹೆಣ ಬಿದ್ದಿದ್ದರೂ ಬಂದವರಿಗೆ ಮೊದಲು ಆರಾಮ ಎಂದೇ ಹೇಳುತ್ತಾರೆ. ಕೂಡಿಸಿ, ನೀರು ಕೊಟ್ಟು, ಚಹಾ ಆದ ಮೇಲೆ ನಿಜವಾದ ವಿಷಯ ಬರುತ್ತದೆ. ಕೇಳುವವರು ಸಾಹೇಬರಾಗಿದ್ದರೆ ಆಗಲೂ ಬರುವುದು ಕಷ್ಟ. ಆ ಕೋಣೆಯಲ್ಲಿ ಚಹಾ ಕೊಡುವ ಪದ್ಧತಿ ಇಲ್ಲ.

ಗೌಡರನ್ನು ಹೊರಗೆ ಒಯ್ಯುವಾಗ ಅವರ ಬೆನ್ನ ಕೆಳಗಿನ ಹಚ್ಚಡ ಬೆವರಿನಿಂದ ತೊಯ್ದದ್ದನ್ನು ಅನ್ನಮ್ಮ ನೋಡಿದರು. ತಿರುಗಿ ಒಳಗೆ ತಂದೆವು. ನಾಳ ಮುಚ್ಚಿತ್ತು. ತಂತಿ ಹೋಗಲಿಲ್ಲ. ಸಾಹೇಬರು ಪ್ರಯತ್ನಿಸಿದರು, ಆಮೇಲೆ ಮೂರ್ತಿಯವರು ಪ್ರಯತ್ನಿಸಿದರು. ಶಸ್ತ್ರಚಿಕಿತ್ಸೆಗೆ ಒಯ್ದರು. ಗೌಡರು ಉಳಿಯಲಿಲ್ಲ.

ಮಗನಿಗೆ ಸಾಹೇಬರೇ ಹೇಳಿದರು. ನಾನು ಬಾಗಿಲಲ್ಲಿದ್ದೆ. ಮಗ ಜಗಳವಾಡಲಿಲ್ಲ, ಅತ್ತದ್ದೂ ಆಮೇಲೆ. ಅಂದದ್ದು ಇಷ್ಟು: "ನೋವಾಗಿದ್ರೂ ನಮ್ಮಪ್ಪ ನಿಮ್ಮ ಮುಂದ ಹೇಳ್ತಿದ್ದಿಲ್ರಿ. ದೊಡ್ಡೋರು, ತ್ರಾಸ ಕೊಡಬಾರದಂತ."

ಸಾಹೇಬರು ಕೈ ತೊಳೆಯುವ ಕಡೆ ಹೋದರು. ಕೈ ಮೊದಲೇ ತೊಳೆದಿದ್ದರು. ಮತ್ತೆ ತೊಳೆದರು. ನಳ ನಿಲ್ಲಿಸಿ ನನ್ನ ಕಡೆ ನೋಡದೆ ಅಂದರು: "ಮೂರ್ತಿಗೆ ಗೊತ್ತಿರಂಗಿಲ್ಲ, ಖರೆ. ನಾ ಆಳಂದದಾವ. ನಂಗ ಗೊತ್ತಿರಬೇಕಿತ್ತಲೇ, ಇಜೇರಿ."

ಆಮೇಲಿಂದ ಅವರು ಯಾರನ್ನೂ ನೋವಿದೆಯೇ ಎಂದು ಕೇಳಲಿಲ್ಲ. ಊರಿನ ದಾರಿ ಕೇಳತೊಡಗಿದರು.

"ಏನ್ರಿ ಮಾಸ್ತರ, ನಿಮ್ಮೂರಿಗೆ ನಾ ಬರಬೇಕಂದ್ರ ಹೆಂಗ ಬರ್ಬೇಕ್ರಿ? ಗುಲ್ಬರ್ಗಾ ಬಸ್‌ಸ್ಟ್ಯಾಂಡಿನಾಗ ನಿಂತೇನಿ. ಹೇಳ್ರಿ."

ರೋಗಿ ದಾರಿ ಹೇಳತೊಡಗುತ್ತಿದ್ದ. ನಾನು ಪಂಪು ತಿರುಗಿಸುತ್ತಿದ್ದೆ. ಬಲೂನು ಉಬ್ಬಿ ರಕ್ತ ನಿಂತಾಗ ನೋವು ಬರುತ್ತದೆ, ಅದು ಬರಲೇಬೇಕಾದದ್ದು. ಆಗ ಮಾತು ತಡವರಿಸುತ್ತದೆ. ಯಾವುದೋ ಸೇತುವೆಯ ಹತ್ತಿರ, ಯಾವುದೋ ಬೇವಿನ ಮರದ ಹತ್ತಿರ ರೋಗಿ ನಿಂತುಬಿಡುತ್ತಿದ್ದ. ಸಾಹೇಬರು "ಇಳಸು" ಎನ್ನುತ್ತಿದ್ದರು. ಬಲೂನು ಇಳಿದ ಮೇಲೆ ಮಾತು ಮತ್ತೆ ನಡೆಯಬೇಕು. ನಡೆಯದಿದ್ದರೆ ಒಳಗೆ ಏನೋ ಸರಿಯಿಲ್ಲ. ಎದೆಯ ಗೆರೆ ತೋರಿಸುವ ಯಂತ್ರವೂ ಇತ್ತು, ಸಾಹೇಬರು ಅದನ್ನೂ ನೋಡುತ್ತಿದ್ದರು. ಆದರೆ ರೋಗಿ ತನ್ನ ಮಾತಿನಲ್ಲಿ ಊರಿಗೆ ಹೋಗಿ, ಓಣಿ ಹಿಡಿದು, ಮನೆಯ ಹೊಸ್ತಿಲು ಮುಟ್ಟುವ ತನಕ ತಂತಿ ತೆಗೆಯುತ್ತಿರಲಿಲ್ಲ. "ಮನಿ ಮುಟ್ಟಿದ್ರೇನು?" "ಮುಟ್ಟಿದೆ ನೋಡ್ರಿ." ಆಗ ಪರದೆಯ ಮೇಲೆ ನಾಳ ಕಾಣಲೆಂದು ಅದರೊಳಗೆ ಬಣ್ಣ ಹಾಕಿ ಇನ್ನೊಂದು ಚಿತ್ರ, ಆಮೇಲೆ ತಂತಿ ಹೊರಗೆ.

ಮೂರ್ತಿಯವರು ಇದನ್ನು ಸಾಹೇಬರ ಬಸ್ ಸರ್ವಿಸ್ ಎನ್ನುತ್ತಿದ್ದರು.

ತೊಂದರೆಗಳೂ ಇದ್ದವು. ಜೇವರ್ಗಿಯ ಒಬ್ಬ ಕಿರಾಣಿ ವ್ಯಾಪಾರಿಯ ಮನೆ ಬಸ್‌ಸ್ಟ್ಯಾಂಡಿನ ಎದುರಿಗೇ. "ಬಸ್ ಇಳೀರಿ, ಎದುರಿಗೆ ನೋಡ್ರಿ, ಅದ ನಮ್ಮನಿ" ಎಂದು ಮುಗಿಸಿಬಿಟ್ಟ. ನಾನಿನ್ನೂ ತಿರುಪು ಮುಟ್ಟಿರಲಿಲ್ಲ. ಸಾಹೇಬರು "ನಿಮ್ಮ ಅತ್ತಿ ಮನಿ ಎಲ್ಲ್ಯಾದ್ರಿ?" ಎಂದರು. "ಅದನ್ಯಾಕ ನೆನಪ ಮಾಡ್ತೀರಿ ಸಾಹೇಬ್ರ, ಮೊದಲೇ ಎದಿ ಸರಿಯಿಲ್ಲ" ಎಂದ ಆತ. ಆದರೂ ಅಲ್ಲಿಗೇ ಹೋದ.

ಅದೇ ಕಡೆಯ ಒಬ್ಬ ಅಜ್ಜಿಗೆ ದಾರಿ ಗೊತ್ತಿರಲಿಲ್ಲ. "ನಂಗೇನ ಗೊತ್ತೋ ಯಪ್ಪಾ, ಬಸ್ಸಿನಾಗ ಕುಂದರಸ್ತಾರ, ಇಳಿ ಅಂದಲ್ಲಿ ಇಳೀತೇನಿ." ಹಿಂದಿನ ದಿನ ಸಾಹೇಬರು ಆಕೆಗೆ ಬಲೂನಿನ ಕೆಲಸವನ್ನು ರೊಟ್ಟಿ ಉಬ್ಬುವುದಕ್ಕೆ ಹೋಲಿಸಿ ವಿವರಿಸಿದ್ದರು. ಆಕೆ ಕೇಳಿಸಿಕೊಂಡು, "ರೊಟ್ಟಿ ಉಬ್ಬಿ ಹರದ್ರ ಉಗಿ ಬರ್ತದ. ಎದ್ಯಾಗ ಹರದ್ರ ಏನ್ ಬರ್ತದೋ ಮಗನ?" ಎಂದಿದ್ದಳು. ಸಾಹೇಬರು ಆ ಹೋಲಿಕೆಯನ್ನು ಆವತ್ತೇ ಬಿಟ್ಟರು. ಟೇಬಲ್ಲಿನ ಮೇಲೆ ಆಕೆಗೆ ದಾರಿಯ ಬದಲು ಶೇಂಗಾ ಹೋಳಿಗೆ ಮಾಡುವುದು ಹೇಳಲು ಕೇಳಿದರು. ಬೆಲ್ಲ ಎಷ್ಟು ಹಾಕಬೇಕೆಂಬಲ್ಲಿ ಆಕೆ ನಿಂತಳು. ಬಲೂನು ಇಳಿಸಿದೆವು. ಆದರೂ ಮಾತು ಬರಲಿಲ್ಲ. ಸಾಹೇಬರ ಹಣೆಯ ಮೇಲೆ ಬೆವರು ಬಂದದ್ದು ನಾನು ಅದೇ ಮೊದಲ ಸಲ ನೋಡಿದ್ದು. "ಯಾಕಬೇ ಆಯಿ, ಬೆಲ್ಲ ಎಷ್ಟು?"

"ಅದನ್ನ ಸೊಸಿಗೇ ಹೇಳಿಲ್ಲ," ಎಂದಳು ಆಕೆ. "ನಿನಗ್ಯಾಕ ಹೇಳಲಿ?"

ತಿಂಗಳಿಗೊಂದು ಭಾನುವಾರ ಸಾಹೇಬರು ರೋಗಿಗಳನ್ನು ನೋಡಲು ಊರಿನ ಕಡೆ ಬರುತ್ತಿದ್ದರು. ಒಂದು ತಿಂಗಳು ಆಳಂದ, ಒಂದು ತಿಂಗಳು ಅಫಜಲಪುರ, ಒಂದು ತಿಂಗಳು ಜೇವರ್ಗಿ. ನಾನು ಇಸಿಜಿ ಯಂತ್ರ ಹೊತ್ತು ಜೊತೆಗೆ. ಅಫಜಲಪುರಕ್ಕೆ ಹೋದಾಗಲೆಲ್ಲ ಆ ಗೌಡರ ಮಗ ಬಂದು ಸಾಲಿನ ಕೊನೆಗೆ ಕೂಡುತ್ತಿದ್ದ. ಸಾಹೇಬರು ಎಲ್ಲರದೂ ಮುಗಿಸಿ ಅವನ ಎದೆಯನ್ನೂ ಪರೀಕ್ಷಿಸುತ್ತಿದ್ದರು. ಅವನಿಗೆ ಏನೂ ಆಗಿರಲಿಲ್ಲ.

ಆಳಂದದಲ್ಲಿ ತಪಾಸಣೆ ಅಡತಿ ಅಂಗಡಿಯಲ್ಲೇ. ತೊಗರಿ ಚೀಲಗಳ ಮೇಲೆ ರೋಗಿಗಳು ಕುಳಿತಿರುತ್ತಿದ್ದರು. ಶಾಂತಕ್ಕ ಆ ತಿಂಗಳು ಜೊತೆಗೆ ಬಂದು ಚಹಾ ಮಾಡಿಸುತ್ತಿದ್ದರು. ರೋಗಿಗಳಿಗೆ ಚಹಾ ಬೇಡವೆಂದು ಸಾಹೇಬರು, ಕೊಡಲೇಬೇಕೆಂದು ಅವರು. "ಚಾ ಕೊಡದ ನೀವು ಕೇಳಿದ್ರ ಅವ್ರು ಆರಾಮ ಅಂತಾರ. ಕೊಟ್ಟು ನಾ ಕೇಳತೇನಿ, ನೀವು ಬರಕೋರಿ." ಇದು ಜೋಕಿಗೆ ಹೇಳಿದ್ದಲ್ಲ. ಅರ್ಧ ರೋಗಿಗಳ ವಿಷಯ ಸಾಹೇಬರಿಗೆ ತಿಳಿದದ್ದು ಹಾಗೇ.

ಸಂಜೆ ಕಿಣ್ಣಿ ಸುಲ್ತಾನಕ್ಕೆ ಊಟಕ್ಕೆ ಹೋಗುತ್ತಿದ್ದೆವು. ಊರಿನಿಂದ ಅವರ ಹೊಲದ ಮನೆಗೆ ಹೋಗುವ ಕಚ್ಚಾ ದಾರಿಯಲ್ಲಿ ಒಂದು ಹಳ್ಳ. ಸೇತುವೆ ಇಲ್ಲ. ಮಳೆಗಾಲದಲ್ಲಿ ಜೀಪು ನಿಲ್ಲಿಸಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟಬೇಕು. ಮದುವೆಯಾಗಿ ಮೊದಲ ಸಲ ಬಂದಾಗ ಶಾಂತಕ್ಕ ಆ ಹಳ್ಳದಲ್ಲಿ ಜಾರಿ ಬಿದ್ದಿದ್ದರು, ಹೊಸ ಇಳಕಲ್ ಸೀರೆ ಕೆಸರಾಗಿತ್ತು. "ಹಿಡಕೋತೇನಿ ಅಂದಾವ್ರು ಕೈ ಬಿಟ್ರು" ಎಂದು ಅವರು, "ನೀ ಓಡಿದಿ" ಎಂದು ಸಾಹೇಬರು. ಪ್ರತಿ ಸಲ ಹಳ್ಳ ದಾಟುವಾಗ ಈ ಮಾತು ಆಗಲೇಬೇಕು. ನಾನು ಇಬ್ಬರ ನಡುವೆ ಯಂತ್ರ ಹೊತ್ತು ನಿಂತಿರುತ್ತಿದ್ದೆ.

ಆ ಏಪ್ರಿಲಿನ ಭಾನುವಾರ ಆಳಂದದ ಸರದಿ. ಮಧ್ಯಾಹ್ನ ಒಬ್ಬ ರೋಗಿಯ ಎದೆಯ ಮೇಲೆ ಸ್ಟೆತಾಸ್ಕೋಪು ಇಟ್ಟ ಸಾಹೇಬರು ಅದನ್ನು ತೆಗೆಯಲಿಲ್ಲ. ಕೇಳುತ್ತಿದ್ದಾರೆ ಅಂದುಕೊಂಡೆವು. ಬಹಳ ಹೊತ್ತು ಕೇಳಿದರು. ರೋಗಿಗೇ ಅನುಮಾನ ಬಂತು. "ನಂದು ಅಷ್ಟ ಕೆಟ್ಟದೇನ್ರಿ ಸಾಹೇಬ್ರ?" ಎಂದ. ಸಾಹೇಬರು "ನಿಂದು ಆರಾಮ ಅದ" ಎಂದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಶಾಂತಕ್ಕ ಚಹಾದ ತಟ್ಟೆ ಕೆಳಗಿಟ್ಟರು. "ಮತ್ತ ನಿಮ್ಮದು?"

"ನಂದೂ ಆರಾಮ ಅದ. ಗ್ಯಾಸು."

ನಾನು ಕೇಳದೆ ಅವರನ್ನು ಚೀಲದ ಮೇಲೆ ಮಲಗಿಸಿ ಇಸಿಜಿ ತೆಗೆದೆ. ಕಾಗದವನ್ನು ಅವರೇ ನೋಡಿದರು. ಮಡಚಿ ಜೇಬಿನಲ್ಲಿ ಇಟ್ಟುಕೊಂಡು, "ಉಳಿದಾವ್ರನ್ನ ನೋಡೇ ಹೋಗೂಣು" ಎಂದರು. ಹನ್ನೊಂದು ಜನ ಉಳಿದಿದ್ದರು. ಆ ಹನ್ನೊಂದೂ ಜನ ಎದ್ದು, ತಾವೆಲ್ಲ ಆರಾಮ ಇದ್ದೇವೆಂದು ಹೇಳಿ ಮನೆಗೆ ಹೋದರು.

ಗುರುವಾರ ಸಾಹೇಬರು ಟೇಬಲ್ಲಿಗೆ ಬಂದರು. ಹೃದಯದ ಮುಂಭಾಗದ ದೊಡ್ಡ ನಾಳ, ನಡುವಿನಲ್ಲಿ ಇಕ್ಕಟ್ಟು. ಮೂರ್ತಿಯವರು ಮಾಡಬೇಕೆಂದು ಅವರೇ ಹೇಳಿದ್ದರು. ಬಲೂನಿನ ಅಳತೆಯ ಬಗ್ಗೆ ಹಿಂದಿನ ದಿನ ಇಬ್ಬರಿಗೂ ವಾದವಾಗಿ, ಮೂರ್ತಿಯವರು ಸೋತಿದ್ದರು. ಹೊರಗಿನವರು ಗಾಜಿನ ಕೋಣೆಗೆ ಬರುವಂತಿಲ್ಲ. ಶಾಂತಕ್ಕ ಬಂದು ಕುಳಿತರು, ಏಳಿ ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ. ಒಳಗಿನ ಮಾತು ಆ ಕೋಣೆಗೆ ಕೇಳಿಸುತ್ತಿತ್ತು, ಅಲ್ಲಿಂದ ಒಳಗೆ ಮಾತಾಡಲು ಒಂದು ಮೈಕು ಇತ್ತು. ಅದನ್ನು ಒತ್ತುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ತಂತಿ ಒಂದೇ ಸಲಕ್ಕೆ ದಾಟಿತು. ಮೂರ್ತಿಯವರು ನನ್ನ ಕಡೆ ನೋಡಿ, "ರಸ್ತಾ ಪೂಛೋ ಭೈ" ಎಂದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ದಾರಿ ನಾನು ಕೇಳಬೇಕಾಯಿತು.

"ಸಾಹೇಬ್ರ, ನಿಮ್ಮೂರಿಗೆ ಹೆಂಗ ಬರಬೇಕ್ರಿ?"

"ನಿನಗ ಗೊತ್ತಿಲ್ಲೇನಲೇ?"

"ಗೊತ್ತದರಿ. ಆದ್ರೂ ಹೇಳ್ರಿ."

ಹೇಳಿದರು. ಗುಲ್ಬರ್ಗಾದಿಂದ ಆಳಂದದ ಬಸ್ಸು, ಕಿಟಕಿಯ ಪಕ್ಕದ ಸೀಟು. ನಾನು ತಿರುಪು ತಿರುಗಿಸಿದೆ. ಕಡಗಂಚಿಯ ಹತ್ತಿರ ಅವರು ನಿಂತರು. ತುಟಿ ಕಚ್ಚಿದ್ದು ಕಾಣಿಸಿತು. ಇಳಿಸಿದೆವು. ಮಾತು ಮರಳಿತು. ಮತ್ತೊಮ್ಮೆ ಉಬ್ಬಿಸಿದೆವು, ಈ ಸಲ ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ನಿಂತರು, ಇಳಿಸಿದೆವು. ಬಣ್ಣ ಹಾಕಿ ಚಿತ್ರ ತೆಗೆದರು. ದಾರಿ ಅಗಲವಾಗಿ ತೆರೆದಿತ್ತು. ಮೂರ್ತಿಯವರು ಉಸಿರು ಬಿಟ್ಟರು. ಬಲೂನು ಹೊರಗೆ ತೆಗೆದರು. ತಂತಿ ಉಳಿದಿತ್ತು.

"ಆಳಂದದಿಂದ ಮುಂದ, ಸಾಹೇಬ್ರ?"

"ಆಳಂದದಿಂದ ಕಿಣ್ಣಿ ಸುಲ್ತಾನ ಬಂತು. ಊರ ಅಗಸಿ ಬಾಗಲ ಬಂತು. ಓಣಿ ದಾಟಿದೆ. ಹೊಲದ ದಾರಿ. ಮನಿ ಬಂತು. ಮುಟ್ಟಿದೆ. ತಗೀರಿ."

ಮಾತು ಎಲ್ಲಿಯೂ ತಡವರಿಸಲಿಲ್ಲ. ಇದನ್ನು ನಾನು ಸ್ಪಷ್ಟವಾಗಿ ಹೇಳಬೇಕು. ನನಗೆ ಏನೂ ಅನುಮಾನ ಬರಲಿಲ್ಲ. "ಪೋಂಚ್ ಗಯೇ ಸಾಬ್" ಎಂದು, ಮನೆ ಮುಟ್ಟಿದರೆಂದು, ನಾನೇ ಮೂರ್ತಿಯವರಿಗೆ ಹೇಳಿದೆ. ಅವರ ಬೆರಳು ತಂತಿಯ ಮೇಲೆ ಹೋಯಿತು.

ಆಗ ಮೈಕು ಕಿರ್ರ್ ಎಂದಿತು.

"ರೀ, ಹಳ್ಳ ಎಲ್ಲಿ ಹೋತು?"

ಸಾಹೇಬರು ಗಾಜಿನ ಕಡೆ ಕಣ್ಣು ತಿರುಗಿಸದೆ, "ನೀ ಸುಮ್ನಿರು ಬೇ" ಎಂದರು.

"ಹಳ್ಳ ದಾಟದ ಮನಿಗೆ ಹೆಂಗ ಬಂದ್ರಿ ನೀವು? ಇಜೇರಿ ತಮ್ಮಾ, ಅವ್ರು ಹಳ್ಳ ದಾಟಿಲ್ಲ. ಡಾಕ್ಟರಿಗೆ ಹೇಳು."

ಮೂರ್ತಿಯವರು ನನ್ನನ್ನು ನೋಡಿದರು. ಮ್ಯಾಡಂ ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ಹೃದಯದ ಭಾಷೆಯಲ್ಲಿ ಅದನ್ನು ಹೇಗೆ ಹೇಳುವುದೆಂದು ತಿಳಿಯದೆ, ಇದ್ದದ್ದನ್ನೇ ಹೇಳಿದೆ, ಹಳ್ಳ ದಾಟಿಲ್ಲವಂತೆ ಎಂದು: "ನಾಲಾ ಪಾರ್ ನೈ ಕರೇ ಕತೇ ಸಾಬ್."

ಅವರು ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ತಂತಿಯ ಮೇಲಿನ ಬೆರಳು ತೆಗೆದರು. ಕೈ ಕೆಳಗೆ ಬಿಟ್ಟು ನಿಂತರು. ಆಮೇಲೆ ಬೆವರು ನೋಡಲು ಅನ್ನಮ್ಮನವರಿಗೆ ಹೇಳಿದರು. ಅನ್ನಮ್ಮ ಸಾಹೇಬರ ಕುತ್ತಿಗೆಯ ಹಿಂದೆ ಕೈ ಇಟ್ಟು ತೆಗೆದು, ಒದ್ದೆಯಾದ ಕೈಯನ್ನು ಎತ್ತಿ ತೋರಿಸಿದರು. ಮೂರ್ತಿಯವರು ಕ್ಯಾಮರಾವನ್ನು ಇನ್ನೊಂದು ಕೋನಕ್ಕೆ ತಿರುಗಿಸಿ ಬಣ್ಣ ಹಾಕಿದರು.

ಆ ಕೋನದಿಂದ ಸೀಳು ಕಂಡಿತು. ಪದರ ಬಿಚ್ಚಿಕೊಂಡು ಅಡ್ಡ ಬರುತ್ತಿತ್ತು. ಅದರಾಚೆ ಬಣ್ಣ ಹೋಗುತ್ತಿತ್ತು, ಆದರೆ ಎಳೆ ಎಳೆಯಾಗಿ, ತಡೆತಡೆದು. ಮುಚ್ಚುತ್ತಿತ್ತು. ಅದರ ನಡುವೆ ತಂತಿ ನೆಟ್ಟಗೆ ನಿಂತಿತ್ತು.

ಬಲೂನು ಮತ್ತೆ ಅದೇ ತಂತಿಯ ಮೇಲೆ ಒಳಗೆ ಹೋಯಿತು. ಒತ್ತಡ ಕಡಿಮೆ, ಹೊತ್ತು ಹೆಚ್ಚು, ಅಂದರು ಮೂರ್ತಿಯವರು. ಪದರವನ್ನು ಗೋಡೆಗೆ ಅಂಟಿಸಿ ಹಿಡಿಯಬೇಕು. ನಾನು ತಿರುಪು ಹಿಡಿದೆ. ಮೂರ್ತಿಯವರು ಪರದೆಯಿಂದ ಕಣ್ಣು ತೆಗೆಯದೆ ಅಂದರು, "ಸಾವಕಾಶ, ಇಜೇರಿ." ಕನ್ನಡದಲ್ಲಿ ಅವರು ಆಡಿದ ಮೊದಲ ಮಾತು. ನನ್ನನ್ನು ಊರಿನಿಂದ ಕರೆದದ್ದೂ ಅದೇ ಮೊದಲು.

ಉಬ್ಬಿಸಿ ಹಿಡಿದೆವು. ಸಾಹೇಬರ ಮುಖ ನೋಡುವಂತಿರಲಿಲ್ಲ. ಮೈಕಿನಲ್ಲಿ ಶಾಂತಕ್ಕ, ದನಿ ಎತ್ತದೆ, ಊಟಕ್ಕೆ ಕರೆಯುವ ಹಾಗೆ:

"ಈಗ ಎಲ್ಲಿದ್ದೀರಿ?"

ಬಹಳ ಹೊತ್ತಿನ ಮೇಲೆ, "ಹಳ್ಳದಾಗ."

"ನೀರು ಅದೇನ್ರಿ?"

"ಅದ."

"ಎಷ್ಟ?"

"ಮೊಣಕಾಲ ತನ."

"ಕೈ ಕೊಡ್ಲೇನು?"

ಇಳಿಸಿದೆವು, ಕಾಯ್ದೆವು, ಮತ್ತೆ ಉಬ್ಬಿಸಿ ಹಿಡಿದೆವು. ಏಪ್ರಿಲ್ ತಿಂಗಳಲ್ಲಿ ಆ ಹಳ್ಳದಲ್ಲಿ ನೀರಿರುವುದಿಲ್ಲ, ದನಗಳು ಅದರ ಮರಳಲ್ಲಿ ಮಲಗಿರುತ್ತವೆ. ನಾನು ಅದನ್ನು ಹೇಳಲು ಹೋಗಲಿಲ್ಲ. ಕೊನೆಯ ಸಲ ಇಳಿಸಿದ ಮೇಲೆ ಮೂರ್ತಿಯವರು ಎರಡೂ ಕೋನದಿಂದ ಚಿತ್ರ ತೆಗೆದರು. ಬಣ್ಣ ತುದಿಯ ತನಕ ಹೋಯಿತು. ಅವರು ಸುಮ್ಮನೆ ನಿಂತರು. ಇನ್ನೂ ನಿಂತರು. ಮತ್ತೆ ಚಿತ್ರ ತೆಗೆದರು. ಬಣ್ಣ ಹಾಗೇ ಹೋಗುತ್ತಿತ್ತು.

ಆಗ ಸಾಹೇಬರು ತಾವಾಗಿಯೇ ಮಾತಾಡಿದರು. "ದಾಟಿದೆ. ಕಾಲು ಒರಸಾಕತ್ತೇನಿ. ನಾಯಿ ಬೊಗಳಾಕತ್ತದ. ಮನಿ ಬಂತು. ನಿಮ್ಮಕ್ಕ ಬಾಗಲದಾಗ ನಿಂತಾಳ."

ಮೂರ್ತಿಯವರು ಗಾಜಿನ ಕಡೆ ನೋಡಿದರು. ಶಾಂತಕ್ಕ ಹೌದೆಂದು ತಲೆ ಆಡಿಸಿದರು. ತಂತಿ ತೆಗೆದರು.

ನಡೆದದ್ದು ಇಷ್ಟು. ಸಾಹೇಬರು ಇದನ್ನು ಕೊನೆಯ ತನಕ ಒಪ್ಪಲಿಲ್ಲ. ನೋವಿತ್ತು, ಅದಕ್ಕೇ ಜಲ್ದಿ ಮನೆ ಮುಟ್ಟಲು ಹಳ್ಳ ಬಿಟ್ಟಿರಿ ಎಂದು ಶಾಂತಕ್ಕ ಹೇಳಿದರೆ, "ನೋವಿದ್ದಿಲ್ಲ. ಬ್ಯಾಸಗ್ಯಾಗ ಅದಕ್ಕ ಹಳ್ಳ ಅಂತಾರೇನು?" ಎನ್ನುತ್ತಿದ್ದರು. ಹಾಗಾದರೆ ಮೊಣಕಾಲ ತನಕ ನೀರು ಎಲ್ಲಿಂದ ಬಂತೆಂದು ಕೇಳಿದರೆ ಚಹಾ ಕೇಳುತ್ತಿದ್ದರು. ಕೆಲಸಕ್ಕೆ ಮರಳಿದ ಮೇಲೆ ದಾರಿ ಕೇಳುವುದಕ್ಕೆ ಒಂದು ಮಾತು ಸೇರಿಸಿದರು. ದಾರಿಯಲ್ಲಿ ಹಳ್ಳ, ಕೆರೆ, ದಿಬ್ಬ ಏನೇನಿದೆ ಎಂದು ರೋಗಿಯ ಮನೆಯವರನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಲು ನನಗೆ ಹೇಳಿದರು. ಕಾರಣ ಹೇಳಲಿಲ್ಲ.

ಆವತ್ತು ನೋಡಿದವರಲ್ಲಿ ಈಗ ಬದುಕಿರುವವರು ನನ್ನನ್ನು ಬಿಟ್ಟು ಮೂವರು. ಡಾಕ್ಟರ್ ಮೂರ್ತಿ ಹೈದರಾಬಾದಿನಲ್ಲೇ ಇದ್ದಾರೆ, ಕೆಲಸ ಬಿಟ್ಟಿದ್ದಾರೆ, ಕೇಳಿದರೆ ಹೇಳುತ್ತಾರೆ. ಸಿಸ್ಟರ್ ಅನ್ನಮ್ಮ ಕೇರಳದ ತಮ್ಮ ಊರಿಗೆ ಹೋಗಿದ್ದಾರೆ. ಆ ಊರಿನ ಹೆಸರು ನನ್ನ ಬಾಯಲ್ಲೂ ತಿರುಗುವುದಿಲ್ಲ.

ಮೂರನೆಯವರು ಶಾಂತಕ್ಕ. ಮಣ್ಣಿನ ದಿನ ಕಿಣ್ಣಿ ಸುಲ್ತಾನದಲ್ಲಿ ಮಳೆ ಆಗಿತ್ತು. ಸಾಹೇಬರನ್ನು ಹೊಲಕ್ಕೆ ಒಯ್ಯುವಾಗ ಹಳ್ಳ ತುಂಬಿ ಹರಿಯುತ್ತಿತ್ತು. ಟ್ರ್ಯಾಕ್ಟರು ಇಳಿಯುವುದಿಲ್ಲ ಎಂದರು. ಹುಡುಗರು ಹೆಗಲ ಮೇಲೆ ಹೊತ್ತು ನೀರಿಗಿಳಿದರು. ಮೊಣಕಾಲ ತನಕ ಬಂತು. ನಾನು ಈ ದಡದಲ್ಲಿ ಶಾಂತಕ್ಕನ ಎಡಕ್ಕೆ ನಿಂತಿದ್ದೆ. ಹೊತ್ತವರು ಆಚೆ ದಡ ಹತ್ತಿ, ಕೆಸರಿನಲ್ಲಿ ಕಾಲು ಊರಿ ನಿಲ್ಲುವ ತನಕ ಶಾಂತಕ್ಕ ಅವರ ಮೇಲಿಂದ ಕಣ್ಣು ತೆಗೆಯಲಿಲ್ಲ.

"ದಾಟಿದ್ರು ನೋಡು, ಇಜೇರಿ ತಮ್ಮಾ," ಎಂದರು. ಆಮೇಲೆ ಸೀರೆ ಎತ್ತಿ ಹಿಡಿದು, ಚಪ್ಪಲಿ ಕೈಯಲ್ಲಿ ತೆಗೆದುಕೊಂಡು, ಯಾರ ಕೈಯನ್ನೂ ಹಿಡಿಯದೆ ನೀರಿಗಿಳಿದರು.